ಯಂಕವ್ವ ಸೆರಗೊಡ್ಡಲಿಲ್ಲ

ಪುಣೆಯ ಕೊಂಢವಾದಲ್ಲಿ ಏಳುತ್ತಿರುವ ದೊಡ್ಡ ಕಟ್ಟಡಗಳ ಹಿಂದೆ ಕೂಲಿಯವರ ತಗಡಿನ ಮನೆಗಳಿವೆ. ಅವುಗಳಲ್ಲೊಂದು ಯಂಕವ್ವಳದು. ಶಹಾಪುರದ ಕಡೆಯಿಂದ ಗಂಡ ಹಣಮಂತ್ರಾಯನ ಬೆನ್ನು ಹತ್ತಿ ಬಂದಾಗ ಅವಳ ಕೂದಲು ಕಪ್ಪಿತ್ತು. ಮಣ್ಣಿನ ಪುಟ್ಟಿ ಹೊತ್ತೂ ಹೊತ್ತೂ ಈಗ ಸಿಮೆಂಟಿನ ಬಣ್ಣಕ್ಕೆ ಬಂದಿದೆ. ಮಾತು ಕಡಿಮೆ. ಆಡಿದರೆ ಮೊಳೆ ಹೊಡೆದಂತೆ.

ಹೋದ ವರ್ಷ ಸಾಮಾನು ಏರಿಸುವ ಲಿಫ್ಟು ಕಳಚಿ ಇಬ್ಬರು ಹುಡುಗರು ಸತ್ತಾಗ ಕೂಲಿಯವರೆಲ್ಲ ಗೇಟಿನ ಮುಂದೆ ಕುಳಿತರು. ಪೊಲೀಸರು ಬಂದರು. ಏಳಿರಿ ಎಂದರು, ಏಳುವಷ್ಟು ಹೊತ್ತನ್ನೂ ಕೊಡದೆ ಲಾಠಿ ಬೀಸಿದರು. ಪಕ್ಕದಲ್ಲಿದ್ದ ಮುದುಕಿ ತಿಪ್ಪವ್ವಳ ತಲೆಗೆ ಬೀಳಬೇಕಿದ್ದ ಏಟಿಗೆ ಯಂಕವ್ವ ಬಲಗೈ ಅಡ್ಡ ಹಿಡಿದಳು. ಮೊಣಕೈ ಮುರಿಯಿತು. ದವಾಖಾನೆಯಲ್ಲಿ ರಾಡು ಹಾಕಿದರು. ಅಂದಿನಿಂದ ಆ ಕೈ ರೊಟ್ಟಿ ತಟ್ಟಿಲ್ಲ, ಪುಟ್ಟಿ ಎತ್ತಿಲ್ಲ.

ಏಟು ತಿಂದವರೆಲ್ಲ ಸದಾಶಿವ ಪೇಠೆಯ ವಕೀಲೆ ನೀತಾ ಅವರನ್ನು ಹಿಡಿದು ದಾವೆ ಹಾಕಿದರು. ಹೊಡೆದದ್ದು ಹೌದೆಂದು ಸರಕಾರ ಒಪ್ಪಬೇಕು, ಒಪ್ಪಿ ಪರಿಹಾರ ಕೊಡಬೇಕು. ಪೊಲೀಸರದು ಒಂದೇ ಮಾತು: ಯಾರೂ ಹೊಡೆದಿಲ್ಲ, ಓಡುವಾಗ ಬಿದ್ದಿದ್ದಾರೆ. ದಾವೆಯಲ್ಲಿ ಮೊದಲ ಹೆಸರು ಯಂಕವ್ವಳದು. ಅವಳು ಜಾರಿದರೆ ಎಲ್ಲರೂ ಜಾರಿದಂತೆ ಎಂದು ವಕೀಲರು ಎಚ್ಚರಿಸಿದ್ದರು.

ಸಾಕ್ಷಿ ಹೇಳುವ ತಾರೀಖು ಹತ್ತಿರ ಬಂತು. ಒಂದು ಮುಂಜಾನೆ ಕೂಲಿ ಹಚ್ಚುವ ಮುಕಾದಮ ಅಂಬಾದಾಸ, ಇವರದೇ ಊರ ಕಡೆಯವನು, ಹೆಂಡತಿ ದುರ್ಗಾಳನ್ನು ಕರೆದುಕೊಂಡು ಬಂದ. ಅವಳ ಕೈಯ ತಾಟಿನಲ್ಲಿ ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಕುಪ್ಪಸದ ಹಸಿರು ಖಣ.

"ಅಕ್ಕಾ, ಪೊಲೀಸ್ ಚೌಕಿ ಸಾಹೇಬ್ರು ಭಾಳ ಮರಗ್ಯಾರ. ನಮ್ಮವ್ವ ಇದ್ದಂಗ ಅಂದ್ರು. ಉಡಿ ತುಂಬಸ್ಕೋ. ಆಮ್ಯಾಲ ಈ ಮೊಬೈಲ್‌ದಾಗ ಒಂದ ಮಾತು, ನಾನ ಬಿದ್ದೆ ಅಂತ ಹೇಳು. ದವಾಖಾನಿ ಖರ್ಚು ಅವರ ಕೊಡ್ತಾರ."

ಅವನ ಜಾಣತನ ಮನೆಯವರಿಗೆಲ್ಲ ತಿಳಿಯಿತು. ಅವರ ಕಡೆ ಎರಡು ಮನೆಗೆ ಜಗಳ ಬಿದ್ದರೆ ತಪ್ಪು ಮಾಡಿದ ಮನೆಯವರು ನೊಂದ ಹೆಣ್ಣಿನ ಮಡಿಲು ತುಂಬಲು ಉಡಿ ತರುತ್ತಾರೆ. ಅವಳು ಸೆರಗೊಡ್ಡಿದಳೋ, ಜಗಳ ಮುಗಿಯಿತು. ಮತ್ತೆ ಆ ಮಾತು ಎತ್ತುವಂತಿಲ್ಲ. ಬಂದ ಉಡಿಯನ್ನು ಮುತ್ತೈದೆ ಒಲ್ಲೆ ಎನ್ನುವಂತೆಯೂ ಇಲ್ಲ.

ಚೊಚ್ಚಲ ಹೆರಿಗೆಗೆ ಬಂದಿದ್ದ ಮಗಳು ಭಾಗ್ಯಾ ಒಳಗೆ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. ದುರ್ಗಾ ಅತ್ತ ನೋಡಿ, "ಬಸರಿ ಮಗಳು ಮನ್ಯಾಗ ಇದ್ದಾಳ ಅಕ್ಕಾ. ಉಡಿ ಹೊಳ್ಳಿ ಕಳಸಬಾರದು," ಎಂದಳು.

"ಒಡ್ಡ ಸೆರಗ," ಹಣಮಂತ್ರಾಯ ಕೆಮ್ಮಿದ. "ಪೊಲೀಸ್ರ ಕೂಡ ಎಷ್ಟ ದಿನ ಜಗಳಾಡ್ತಿ?"

"ನೀ ಬೀಡಿ ಸೇದು."

ಯಂಕವ್ವ ಎದ್ದಳು. ಎಡಗೈಯಿಂದಲೇ ಸೆರಗು ಎಳೆದು, ಪುಟ್ಟಿ ಹೊರುವಾಗ ಕಟ್ಟುವಂತೆ ಸೊಂಟಕ್ಕೆ ಬಿಗಿದಳು.

"ಅಂಬಾದಾಸ, ಉಡಿ ತಂದವ್ರು ಮೊದಲ ಏನಂತಾರ?"

ಅಂಬಾದಾಸ ತಾಟಿನಲ್ಲಿ ವಾಲಿದ್ದ ಕಾಯಿಯನ್ನು ನೆಟ್ಟಗೆ ಇಟ್ಟ.

"ಪುಣೇಕ್ಕ ಬಂದು ಮರತಿ ಏನ? ತಪ್ಪಾತು ಯವ್ವಾ ಅಂತಾರ, ಮಂದಿ ಮುಂದ. ಅದನ್ನ ಬಿಟ್ಟು ಕಾಯಿ ಅಷ್ಟ ತಂದಿ. ಹೊಡದೇ ಇಲ್ಲಂದ್ರ ಉಡಿ ಯಾಕ ಬಂತು? ಬಿದ್ದಾಕಿಗೆ ಉಡಿ ತುಂಬೂದಿದ್ರ ಆ ನೆಲಾ ಬಂದು ತುಂಬಲಿ!"

ಒಳಗಿನಿಂದ ಭಾಗ್ಯಾ ಕಿಸಕ್ಕನೆ ನಕ್ಕದ್ದು ಕೇಳಿಸಿತು.

"ಹಿಡಿ ಮೊಬೈಲು, ಹೇಳ್ತೀನಿ." ಸಾಹೇಬರಿಗೂ ತಿಳಿಯಲೆಂದು ಮರಾಠಿಯಲ್ಲೇ ಹೇಳಿದಳು: ಕುಳಿತಿದ್ದೆ, ಹೊಡೆದರು, ಇದೇ ಕೈ.

ಅಂಬಾದಾಸ ಮೊಬೈಲು ಕಿಸೆಗೆ ತುರುಕಿದ. "ನಾಳಿಂದ ನಿಮ್ಮ ಮನೀಗೆ ಕೆಲಸಿಲ್ಲ ನೋಡು."

"ಇಲ್ಲಂದ್ರ ಗೇಟಿನ ಮುಂದ ಕುಂಡರ್ತೀವಿ. ಜಾಗಾ ಗೊತ್ತದ."

ಮರಳಿದ ಉಡಿಯನ್ನು ಮನೆಗೆ ಒಯ್ಯಲು ದುರ್ಗಾಳಿಗೆ ಧೈರ್ಯವಾಗಲಿಲ್ಲ. ತಾಟನ್ನು ಹೊಸ್ತಿಲ ಹೊರಗೇ ಬಿಟ್ಟು ಹೋದಳು. ಅಕ್ಕಿ ಗುಬ್ಬಿಗಳ ಪಾಲಾಯಿತು. ಖಣವನ್ನು ಯಾರೂ ಮುಟ್ಟಲಿಲ್ಲ.

ತಾರೀಖಿನ ದಿನ ಯಂಕವ್ವ ಆ ತೆಂಗಿನಕಾಯಿಯನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ಕೋರ್ಟಿನ ಬಾಗಿಲಲ್ಲಿ ಕಾವಲಿನವನು ಚೀಲ ತೆರೆಸಿ ಕಣ್ಣರಳಿಸಿದ. ನೀತಾ ಓಡಿ ಬಂದು ಮರಾಠಿಯಲ್ಲಿ, ಚಿಕ್ಕಮ್ಮನನ್ನು ಕರೆವಂತೆ, ಕೇಳಿದರು: "ಇದೇನು ಮಾವಶಿ?"

"ಹೊಡೆದಿಲ್ಲ ಅಂದವರು ಕಳಿಸಿದ್ದು. ತಪ್ಪಾಯಿತು ಅಂದ ದಿನ ಒಡೆಯುತ್ತೇನೆ."

"ಕೋರ್ಟಿನಲ್ಲಿ ಇದು ಸಾಕ್ಷಿ ಆಗುವುದಿಲ್ಲ, ಮಾವಶಿ."

"ಬೇಡ ಬಿಡಿ. ನಾನಿದ್ದೇನಲ್ಲ."

ಕಾಯಿಯನ್ನು ಕಾವಲಿನವನ ಮೇಜಿನ ಮೇಲಿಟ್ಟಳು. "ಹೊಟ್ಟೆ ಹಸಿದರೂ ಮುಟ್ಟಬೇಡ," ಎಂದಳು ಅವನಿಗೆ. ಒಳಗೆ ಅವಳ ಹೆಸರು ಕೂಗುತ್ತಿದ್ದರು. ಸೆರಗು ಇವತ್ತೂ ಸೊಂಟಕ್ಕೆ ಬಿಗಿದೇ ಇತ್ತು.