ಬೇಸಿನ್ನಿಗೆ ಸುರಿದ ಔಷಧಿ

ನಮ್ಮ ಭಾವ ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದರು. ಅವರು ಬಾಯಿ ಬಿಟ್ಟರೆ ಲಾರಿಯ ಹಾರನ್ನೂ ಕೇಳಿಸುತ್ತಿರಲಿಲ್ಲ. ಮಂಡಿಯವರೆಲ್ಲ ಅವರನ್ನು ‘ಸಿಡಿಲು’ ಎಂದೇ ಕರೆಯುತ್ತಿದ್ದರು. ಗಂಟಲೇ ಅವರ ಅನ್ನ, ಗಂಟಲೇ ಅವರ ಜಂಭ.

ಪಿತ್ತಕೋಶದ ಕಲ್ಲಿಗೆ ಆಪರೇಷನ್ ಎಂದಾಗ ಅವರು ಹೆದರಿದ್ದು ಹೊಟ್ಟೆ ಕೊಯ್ಯುವುದಕ್ಕಲ್ಲ, ಉಸಿರಾಟಕ್ಕೆಂದು ಗಂಟಲಿಗೆ ಇಳಿಸುವ ಟ್ಯೂಬಿಗೆ. ಅರಿವಳಿಕೆ ಡಾಕ್ಟರು ಧೈರ್ಯ ಹೇಳಿ, ಗಂಟಲು ನೋಯದಿರಲೆಂದು ಮೊದಲೇ ಮುಕ್ಕಳಿಸಿ ಉಗುಳಲು ಔಷಧಿ ಬರೆದರು. ಬೆಳಿಗ್ಗೆ ನರ್ಸ್ ಅದನ್ನು ಲೋಟದಲ್ಲಿ ತಂದು ಸ್ಟೂಲಿನ ಮೇಲಿಟ್ಟು, ಏನೆಂದು ಹೇಳದೆ ಅವಸರದಲ್ಲಿ ಹೋದಳು. ನನ್ನ ಅಕ್ಕನೋ, ‘ಹನಿ ನೀರೂ ಕುಡಿಸಬಾರದು’ ಎಂಬ ಮಾತು ಹಿಡಿದು ರಾತ್ರಿಯಿಂದ ಗಂಡನ ಬಾಯಿಗೆ ಕಾವಲು ಕೂತಿದ್ದವಳು. ಲೋಟ ಕಂಡದ್ದೇ ತಡ, ಬೇಸಿನ್ನಿಗೆ ಸುರಿದುಬಿಟ್ಟಳು.

ಎಚ್ಚರವಾದಾಗ ಸಿಡಿಲಿನ ಗಂಟಲಿನಿಂದ ಹೊರಟದ್ದು ಎಣ್ಣೆ ಕಾಣದ ಬಾಗಿಲಿನ ಸದ್ದು. ಉಗುಳು ನುಂಗಿದರೂ ಕಣ್ಣಲ್ಲಿ ನೀರು.

“ಮುಕ್ಕಳಿಸಿದ್ರೆ ಇಷ್ಟಾಗ್ತಿರ್ಲಿಲ್ಲಮ್ಮ,” ಎಂದು, ಔಷಧಿ ಚೆಲ್ಲಿದ್ದು ತಿಳಿದ ಅರಿವಳಿಕೆ ಡಾಕ್ಟರು ಅಕ್ಕನನ್ನು ನೋಡಿದರು.

ದನಿ ಮರಳಲು ವಾರಗಳೇ ಹಿಡಿದವು. ಅಷ್ಟರಲ್ಲಿ ಹರಾಜಿನ ಕಟ್ಟೆ ಮೇಲೆ ಮಂಡಿ ಯಜಮಾನನ ಅಳಿಯ ಮೈಕು ಹಿಡಿದು ನಿಂತಾಗಿತ್ತು. ಭಾವನಿಗೆ ಸಿಕ್ಕಿದ್ದು ಗೇಟಿನಲ್ಲಿ ಚೀಟಿ ಹರಿಯುವ ಕೆಲಸ.

ಅಂದಿನಿಂದ ಸಿಡಿಲೆಲ್ಲ ಮನೆಯೊಳಗೇ ಬಡಿಯತೊಡಗಿತು. ಟೀ ತಣ್ಣಗಿದ್ದರೂ ಅದೇ ಮಾತು: “ನನ್ನ ಅನ್ನ ಚೆಲ್ಲಿದವಳು ನೀನು!” ಅಕ್ಕ ಆ ಟೀಯನ್ನು ಮತ್ತೆ ಬಿಸಿ ಮಾಡಿ ತರುತ್ತಿದ್ದಳು. ತಪ್ಪೆಲ್ಲ ತನ್ನದೇ ಎಂದು ನಂಬಿದ್ದಳು. ನನಗೆ ಮೈ ಉರಿಯುತ್ತಿತ್ತು.

ತಡೆಯಲಾರದೆ ಒಂದು ದಿನ ಆಸ್ಪತ್ರೆಗೆ ಹೋಗಿ ಆ ಡಾಕ್ಟರನ್ನೇ ಕೇಳಿದೆ. ಅವರು ಸುಳ್ಳು ಹೇಳಲಿಲ್ಲ.

“ಟ್ಯೂಬಿನ ತುದೀಲಿ ಪುಟ್ಟ ಬಲೂನ್ ಇರುತ್ತೆ. ಅದಕ್ಕೆ ಗಾಳಿ ತುಂಬಿದ್ಮೇಲೆ ಮೀಟರಲ್ಲಿ ಅಳೀಬೇಕು. ಹೆಚ್ಚಾದ್ರೆ ಒಳಗೆ ಒತ್ತಿ ಗಾಯ ಆಗುತ್ತೆ. ಮೀಟರ್ ಕಳೆದುಹೋಗುತ್ತೆ ಅಂತ ಬೀರುವಲ್ಲಿಟ್ಟು ಬೀಗ ಹಾಕ್ತಾರೆ. ಬೀಗದ ಕೈ ಇದ್ದ ಸಿಸ್ಟರ್ ಅವತ್ತು ರಜ. ನಾನು ಬೆರಳಲ್ಲೇ ಅದುಮಿ ನೋಡ್ದೆ. ಔಷಧಿ ಚೆಲ್ಲಿದ್ದಕ್ಕಿಂತ ಅದೇ ಹೆಚ್ಚು ತೊಂದ್ರೆ ಕೊಟ್ಟಿರಬಹುದು.”

ಓಡಿಬಂದು ಭಾವನಿಗೆ ಎಲ್ಲ ಹೇಳಿದೆ. ಅವರು ತಲೆಯೆತ್ತಲೂ ಇಲ್ಲ.

“ಗೊತ್ತು ಕಣೋ. ಹೊಲಿಗೆ ಬಿಚ್ಚಿದ ದಿನ ನನಗೂ ಹೇಳಿದ್ರು.”

“ಮತ್ತೆ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತಿದ್ದೀರಲ್ಲ ಭಾವ!”

“ಇನ್ಯಾರನ್ನ ಬೈಲಿ? ಡಾಕ್ಟ್ರನ್ನ ಬೈಯೋಕಾಗುತ್ತಾ?”

ಅಡುಗೆಮನೆ ಬಾಗಿಲಲ್ಲಿ ಅಕ್ಕ ಟೀ ಲೋಟ ಹಿಡಿದು ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಒಳಗೆ ಹೋಗಿ, ಭಾವನಿಗೆಂದು ತಂದ ಆ ಟೀಯನ್ನೂ ಬೇಸಿನ್ನಿಗೆ ಸುರಿದಳು.