ಉಳಿದ ಶುಕ್ರವಾರಗಳು

ನನಗೆ ಮೈಗಳ್ಳಿ ಎಂದು ಹೆಸರಿಟ್ಟವಳು ಬೇರೆ ಯಾರೂ ಅಲ್ಲ, ಹೆತ್ತ ಅವ್ವ. ಇಳಕಲ್ಲಿನ ನೇಕಾರರ ಮನೆಯಲ್ಲಿ ಹುಟ್ಟಿದ ಹುಡುಗಿ ಶಾಲೆಯಿಂದ ಬಂದವಳೇ ರಾಟೆಯ ಮುಂದೆ ಕೂತು ಮಗ್ಗಕ್ಕೆ ಬೇಕಾದ ನೂಲಿನ ಕಂಡಿಕೆ ಸುತ್ತಬೇಕು. ನಾನು ನಾಲ್ಕು ಸುತ್ತುವಷ್ಟರಲ್ಲಿ ರಟ್ಟೆ ಸೋತು ಗೋಡೆಗೆ ಒರಗುತ್ತಿದ್ದೆ. ನೀರು ತರುವಾಗ ಬಾವಿಯಿಂದ ಮನೆಗೆ ಬರುವುದರೊಳಗೆ ಮೂರು ಕಡೆ ಕೊಡ ಇಳಿಸುತ್ತಿದ್ದೆ.

"ಎಲುಬಿಲ್ಲೇನ ನಿನ್ನ ಮೈಯಾಗ? ಕುಂತ್ರ ಏಳಂಗಿಲ್ಲ, ಎದ್ರ ನಿಂದ್ರಂಗಿಲ್ಲ!" ಎಂದು ಅವ್ವ ಓಣಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದಳು. ನನಗೂ ಸಿಟ್ಟು ಮೂಗಿನ ತುದಿಯಲ್ಲೇ. "ಹೌದು, ಮೈಗಳ್ಳಿ ನಾ, ಏನೀಗ?" ಎಂದು ತಿರುಗಿ ಬೀಳುತ್ತಿದ್ದೆ. ಬೈಗುಳಕ್ಕೆ ಮಾತ್ರ ನನ್ನ ಮೈಯಲ್ಲಿ ಯಾವತ್ತೂ ಶಕ್ತಿ ಕಡಿಮೆಯಾಗಿರಲಿಲ್ಲ.

ಕಣ್ಣಿನದೂ ಅದೇ ಕಥೆ. ಹೊತ್ತು ಇಳಿದಂತೆ ರೆಪ್ಪೆಯೂ ಇಳಿದು, ಎದುರಿಗಿದ್ದವರನ್ನು ನೋಡಲು ಗದ್ದ ಎತ್ತಬೇಕಾಗುತ್ತಿತ್ತು. ಅವ್ವನೂ ಹಾಗೇ ಗದ್ದ ಎತ್ತಿಯೇ ನೋಡುತ್ತಿದ್ದಳು. ತಾಯಿ ಮಗಳಿಗೆ ಭಾರಿ ಸೊಕ್ಕು ಎಂದು ಓಣಿಯ ಹೆಂಗಸರು ಆಡಿಕೊಳ್ಳುತ್ತಿದ್ದರು. "ನಮ್ಮವ್ವನೂ ಹಿಂಗ ನೋಡ್ತಿದ್ಲು. ನಮ್ಮ ಮನಿತನದ ಕಣ್ಣ ಹಂಗ ಅದಾವ," ಎಂದು ಅವ್ವ ಜಂಬದಿಂದಲೇ ಹೇಳುತ್ತಿದ್ದಳು.

ಬಾಗಲಕೋಟೆಯ ಡಾಕ್ಟರರೊಬ್ಬರು ರಕ್ತ ಕಡಿಮೆ ಎಂದು ಟಾನಿಕ್ ಬರೆದುಕೊಟ್ಟರು. ಸೀಸೆಗಟ್ಟಲೆ ಕುಡಿದೆ; ನಾಲಿಗೆ ಕಪ್ಪಾದದ್ದೇ ಬಂತು. ನನಗೆ ಇಪ್ಪತ್ತು ದಾಟುವ ಹೊತ್ತಿಗೆ ಮೆಟ್ಟಿಲು ಹತ್ತಲಾಗದ ಸ್ಥಿತಿ. ಆಗ ಅವ್ವ ಮನೆದೇವರು ಬನಶಂಕರಿಗೆ ಹರಕೆ ಹೊತ್ತಳು: ಮಗಳಿಗೆ ಮೈಯಲ್ಲಿ ಕಸುವು ಬರಲಿ, ಇಪ್ಪತ್ತೊಂದು ಶುಕ್ರವಾರ ಅವಳಿಂದ ಉಪವಾಸ ಮಾಡಿಸುತ್ತೇನೆ, ಸಂಜೆ ದೀಪ ಹಚ್ಚಿದ ಮೇಲೇ ಊಟ.

ಶುಕ್ರವಾರ ಕಳೆದಂತೆ ನಾನು ಇನ್ನಷ್ಟು ಕುಗ್ಗಿದೆ. ಅವ್ವನಿಗೆ ಹರಕೆಯಲ್ಲೇ ಎಲ್ಲೋ ಸಡಿಲ ಆಗಿದೆ ಅನಿಸಿತು. ಮೊದಲು ಹಾಲು ನಿಲ್ಲಿಸಿದಳು. ಆಮೇಲೆ ಚಹಾ. ಕೊನೆಗೆ ನೀರೂ ಬೇಡ ಎಂದಳು. ಇವಳ ಬಾಯಿ ಒಮ್ಮೆ ಮುಚ್ಚಿಸಿಯೇ ಸೈ ಎಂದು ನಾನೂ ಹಟಕ್ಕೆ ಬಿದ್ದು ನೀರು ಬಿಟ್ಟೆ. ಹದಿಮೂರನೆಯ ಶುಕ್ರವಾರ ಸಂಜೆ ವಾಂತಿ ಮಾಡಿಕೊಂಡು, ಏದುಸಿರು ಬಿಡುತ್ತ ದೇವರ ಜಗಲಿಯ ಮುಂದೆಯೇ ಎಚ್ಚರ ತಪ್ಪಿ ಬಿದ್ದೆ.

ಅಣ್ಣ ಹುನಗುಂದದಲ್ಲಿ ಮಾಸ್ತರಿಕೆ ಮಾಡುತ್ತಿದ್ದ. ಸುದ್ದಿ ತಿಳಿದು ಓಡಿ ಬಂದವನು ನನ್ನನ್ನು ಬಾಗಲಕೋಟೆಗೆ, ಅಲ್ಲಿಂದ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ತೊಡೆಯಿಂದ ಹುಣಸೆಬೀಜದಷ್ಟು ಮಾಂಸ ತೆಗೆದು ಪರೀಕ್ಷೆ ಮಾಡಿದರು. ವಾರಗಳ ನಂತರ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು:

"ನಮ್ಮ ಮೈಯ ಒಂದೊಂದು ಜೀವಕೋಶದಲ್ಲೂ ಸಣ್ಣ ಸಣ್ಣ ಒಲೆಗಳಿವೆ ಅಂದುಕೊಳ್ಳಿ. ಮೈಟೊಕಾಂಡ್ರಿಯ ಅಂತ ಅವುಗಳ ಹೆಸರು. ಉಂಡ ಅನ್ನವನ್ನ ಶಕ್ತಿ ಮಾಡಿಕೊಡೋದು ಅವೇ. ನಿಮ್ಮಲ್ಲಿ ಅವು ಸರಿಯಾಗಿ ಉರಿಯೋದಿಲ್ಲ. ವಾಸಿ ಮಾಡೋ ಔಷಧಿ ಸದ್ಯಕ್ಕಿಲ್ಲ. ಸುಸ್ತಾಗೋ ಮೊದಲೇ ಕೂತುಬಿಡಿ. ಹೊತ್ತುಹೊತ್ತಿಗೆ ಉಣ್ಣಿ. ಉಪವಾಸ ಮಾತ್ರ ಬೇಡವೇ ಬೇಡ."

ನನಗೆ ಅಳು ಬರಬೇಕಿತ್ತು. ಖರೆ ಹೇಳುತ್ತೇನೆ, ಖುಷಿಯಾಯಿತು. ನಾನು ಮೈಗಳ್ಳಿ ಅಲ್ಲ!

ಡಾಕ್ಟರಮ್ಮ ನನ್ನ ರೆಪ್ಪೆಗಳನ್ನು ನೋಡುತ್ತ, "ನಿಮ್ಮ ತಾಯಿಯ ಕಣ್ಣೂ ಹೀಗೇನಾ?" ಎಂದು ಕೇಳಿದರು. ಹೌದೆಂದೆ. "ನಿಮ್ಮ ಈ ರೋಗ ತಾಯಿಯ ಕಡೆಯಿಂದ ಬಂದಿದೆ. ಕಣ್ಣು ಹಾಗಿದ್ದರೆ ಅವರಿಗೂ ಇರಬೇಕು. ಅವರೂ ಹಸಿದು ಇರಬಾರದು," ಎಂದರು. ನನ್ನ ಹೊಟ್ಟೆಯಲ್ಲಿ ಹುಟ್ಟುವ ಮಕ್ಕಳಿಗೂ ಬರಬಹುದು ಎಂದೂ ಮೆಲ್ಲಗೆ ಹೇಳಿದರು. ಆ ಮಾತಿಗೆ ನನ್ನ ಖುಷಿ ಅಲ್ಲಿಗೇ ಆರಿತು.

ಊರಿಗೆ ಮರಳುವ ಬಸ್ಸಿನಲ್ಲಿ ಅಣ್ಣ ನನ್ನ ಕೈ ಹಿಡಿದುಕೊಂಡ. "ಎಲ್ಲಾ ಹೇಳು, ಅವ್ವನಿಂದ ಬಂದದ ಅನ್ನೂದೊಂದು ಹೇಳಬ್ಯಾಡವಾ. ಎದಿ ಒಡಕೊಂಡು ಸಾಯ್ತಾಳ." ಆಗಲಿ ಎಂದೆ. ಅವ್ವನಿಗೆ ಒಲೆಯ ಮಾತು ಹೇಳಿದೆವು, ಉಪವಾಸ ಕೂಡದು ಎಂದೆವು. ಆಕೆ, "ಹಂಗಾರ ನಾನ ನಿನ್ನ ಕೊಲ್ಲಾಕ ನಿಂತಿದ್ನಾ?" ಎಂದಳು. ಅಂದಿನಿಂದ ನನ್ನ ಉಡಿಯಲ್ಲಿ ಶೇಂಗಾ ಬೆಲ್ಲ ತಪ್ಪಲಿಲ್ಲ. ದಿನಾ ಅವಳೇ ಕಟ್ಟಿ ಕೊಡುತ್ತಿದ್ದಳು.

ಆದರೆ ದೇವರ ಹರಕೆ ಅರ್ಧಕ್ಕೆ ಬಿಡುವ ಹೆಂಗಸೇ ಅವಳು? "ಉಳಿದ ಎಂಟು ಶುಕ್ರವಾರ ನಿನ್ನ ಹೆಸರಲೆ ನಾ ಮಾಡ್ತೇನಿ. ಬನಶಂಕರಿ ಒಪ್ಕೊಂತಾಳ," ಎಂದಳು. ಬೇಡವೆಂದು ಜಗಳ ತೆಗೆದೆ. "ನನಗೇನ ಆಗೇದ? ಗಟ್ಟಿಮುಟ್ಟ ಅದೇನಿ," ಎಂದು ನೀರನ್ನೂ ಮುಟ್ಟದೆ ಎರಡು ಶುಕ್ರವಾರ ಮುಗಿಸಿದಳು. ನಾನು ಬಾಯಿ ಬಿಗಿಹಿಡಿದೆ. ಜೀವಮಾನವಿಡೀ ಬಾಯಿ ಬಿಟ್ಟವಳು, ಬಿಡಲೇಬೇಕಾದಾಗ ಬಿಡದೆ ಕೂತೆ.

ಮೂರನೆಯ ಶುಕ್ರವಾರ ಮಧ್ಯಾಹ್ನ ಮಗ್ಗದ ಸದ್ದು ತಟ್ಟನೆ ನಿಂತಿತು. ಹೋಗಿ ನೋಡಿದರೆ, ಕಾಲು ಇಳಿಬಿಟ್ಟು ನೇಯುವ ಆ ಕುಣಿಯಿಂದ ಅವ್ವನಿಗೆ ಮೇಲೇಳಲು ಆಗುತ್ತಿಲ್ಲ. ಎರಡೂ ಕೈ ಊರುತ್ತಾಳೆ, ಮತ್ತೆ ಕುಸಿಯುತ್ತಾಳೆ. ರೆಪ್ಪೆ ಮುಕ್ಕಾಲು ಮುಚ್ಚಿಕೊಂಡಿದೆ. ಎತ್ತಲು ನನ್ನಲ್ಲೂ ಕಸುವಿಲ್ಲ. ಪಕ್ಕದ ಮನೆಯವರನ್ನು ಕರೆದು ಎತ್ತಿಸಿ, ಗೋಡೆಗೆ ಒರಗಿಸಿ ಕೂರಿಸಿದೆ. ಅವರು ಹೋದ ಮೇಲೆ ರೊಟ್ಟಿ, ಮೊಸರು ತಂದು ಮುಂದಿಟ್ಟೆ. ತಾಟು ಸರಿಸಿದಳು.

"ದೀಪ ಹಚ್ಚೂತನಕ ಒಲ್ಲೆ."

"ಅವ್ವಾ, ಉಣ್ಣು. ನನ್ನ ಬ್ಯಾನಿ ನಿನಗೂ ಅದ." ತಾಟನ್ನು ಮತ್ತೆ ಅವಳ ಮುಂದೆ ತಳ್ಳಿದೆ. "ತಾಯಿ ಕಡಿಂದ ಬಂದದ್ದಂತ ಇದು. ನನಗ ನಿನ್ನಿಂದ ಬಂದದ. ನಿನಗ ನಿಮ್ಮವ್ವನಿಂದ ಬಂದಿರಬೇಕು. ನಾವ ನಿನಗ ಹೇಳಲಿಲ್ಲ."

ಅವಳು ಎದೆ ಬಡಿದುಕೊಳ್ಳುತ್ತಾಳೆ, ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಸೆರಗಿನ ಅಂಚನ್ನು ಬೆರಳಲ್ಲಿ ಮಡಚಿದಳು, ಬಿಡಿಸಿದಳು.

"ನಮ್ಮವ್ವನಿಂದ?"

"ಹೂಂ."

"ಆಕಿನೂ ಕೊಡಾ ಇಳಿಸಿ ಇಳಿಸಿ ಬರ್ತಿದ್ಲು," ಎಂದಳು. "ಆಕಿಗೆ ಮೈಗಳ್ಳಿ ಅಂದಾಕಿನೂ ನಾನ ಇದ್ದೆ."

ನಾನು ರೊಟ್ಟಿ ಮುರಿದು ಮೊಸರಿಗೆ ಅದ್ದಿ ಅವಳ ಬಾಯಿಯ ಹತ್ತಿರ ಹಿಡಿದೆ. ಅವಳು ಆ ತುತ್ತನ್ನು ಕೈಗೆ ತೆಗೆದುಕೊಂಡು ನನ್ನ ಬಾಯಿಗೇ ಇಟ್ಟಳು.

"ನೀ ಮೊದಲ ಉಣ್ಣು. ಹಸದ ಇರಬಾರ್ದು ಅಂದಾರ ನಿನಗ."

"ನಿನಗೂ ಅಂದಾರ," ಎಂದೆ.

ಅವ್ವ ಗದ್ದ ಎತ್ತಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತಾಟನ್ನು ಹತ್ತಿರ ಎಳೆದುಕೊಂಡು ಉಂಡಳು.