ಅಮ್ಮ ಸಾಕಿದ ಬೂಷ್ಟು

ಇವತ್ತು ಬೆಳಿಗ್ಗೆ ಚಟ್ನಿಪುಡಿ ಮಾಡೋಣವೆಂದು ಕೊಬ್ಬರಿ ಡಬ್ಬ ತೆಗೆದೆ. ಮುಚ್ಚಳ ಬಿಚ್ಚುತ್ತಿದ್ದಂತೆ ಒಂದು ವಾಸನೆ ಮೂಗಿಗೆ ಬಡಿಯಿತು. ಕೊಬ್ಬರಿ ವ್ಯಾಪಾರದ ಮನೆಯಲ್ಲಿ ಬೆಳೆದವರಿಗೆ ಆ ವಾಸನೆಯನ್ನು ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ. ಹೋಳಿನ ಒಳಬದಿಯಲ್ಲಿ ಬೂದುಹಸಿರು ಬೂಷ್ಟು ಎಳೆಮಗುವಿನ ತಲೆಗೂದಲಿನ ಹಾಗೆ ನವಿರಾಗಿ ಎದ್ದು ನಿಂತಿತ್ತು. ನೀವಾಗಿದ್ದರೆ ಮೂಗು ಮುಚ್ಚಿಕೊಂಡು ಕಸದ ಬುಟ್ಟಿಗೆ ಸುರಿಯುತ್ತಿದ್ದಿರಿ. ನಾನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತ ನಿಂತೆ. ಒಲೆಯ ಮೇಲಿನ ಹಾಲು ಉಕ್ಕಿ ಹರಿದ ಮೇಲೇ ಎಚ್ಚರವಾದದ್ದು. ಇದು ಅಮ್ಮನಿಂದ ನನಗೆ ಅಂಟಿದ ಚಾಳಿ.

ಆದರೆ ಅಮ್ಮನ ವಿಷಯಕ್ಕೆ ಬರುವ ಮೊದಲು ಅಪ್ಪನ ವಿಷಯ ಹೇಳಬೇಕು. ಅರಸೀಕೆರೆಯಲ್ಲಿ ಅಪ್ಪನದು ಕೊಬ್ಬರಿ ಮಂಡಿ. ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಗುಡುಗುಡು ಎನ್ನುವ ತನಕ ಕಾಯ್ದು, ಆಮೇಲೆ ಸುಲಿದು ಚಿಪ್ಪು ಒಡೆದರೆ ಉಂಡೆ ಕೊಬ್ಬರಿ. ಕಾಯುವುದರಲ್ಲಿ ಸ್ವಲ್ಪ ಎಡವಟ್ಟಾದರೂ ಬೂಷ್ಟು ಹಿಡಿಯುತ್ತದೆ. ರೈತರು ಮೂಟೆ ತಂದರೆ ಅಪ್ಪ ಕೈ ಹಾಕುವ ಮೊದಲು ಮೂಗು ಹಾಕುತ್ತಿದ್ದರು. "ಬೂಷ್ಟೈತೆ" ಎಂದು ಅವರ ಬಾಯಲ್ಲಿ ಬಂದರೆ ಆ ಮೂಟೆಯ ಕಥೆ ಮುಗಿದಂತೆಯೇ. ಮಳೆಗಾಲದಲ್ಲಿ ಅವರು ದೇವರ ಮುಂದೆ ನಿಂತು ಬೇಡುತ್ತಿದ್ದುದು ನನ್ನ ವಿದ್ಯೆಯನ್ನಲ್ಲ, ಬಿಸಿಲನ್ನು. ದೇವರು ಎರಡರಲ್ಲೂ ಕೈ ಬಿಗಿ ಮಾಡಿದ.

ನನ್ನ ವಿದ್ಯೆಯೆಂದರೆ ಬಿ.ಕಾಂ. ಅದನ್ನು ಮುಗಿಸಿದೆನೆನ್ನುವುದಕ್ಕಿಂತ ಅದೇ ನನ್ನನ್ನು ಬಿಟ್ಟು ಕಳಿಸಿತು ಎನ್ನಬಹುದು. ನಾನು ಕಾಲೇಜಿನಿಂದ ಹೊರಬಿದ್ದ ವರ್ಷವೇ ಅಮ್ಮ ಒಳಗೆ ಹೋದಳು. ಪಿಯುಸಿಯಲ್ಲಿ ವಿಜ್ಞಾನ ಓದಿ, ಫಲಿತಾಂಶ ಬರುವ ಮೊದಲೇ ಮದುವೆಯಾಗಿ ಬಂದವಳು ಅವಳು. ಊರಿನ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೇರುತ್ತೇನೆಂದಾಗ ಅಪ್ಪ, "ಓದ್ಕೊ, ಯಾರು ಬ್ಯಾಡ ಅಂದ್ರು?" ಎಂದು ಪೇಪರ್ ಮಗುಚಿದರು. ಅವರಿಬ್ಬರ ನಡುವೆ ಜಗಳವಿರಲಿಲ್ಲ, ಮಾತೂ ಇರಲಿಲ್ಲ. "ಊಟಕ್ಕೆ ಬನ್ನಿ", "ಬಾಗಿಲು ಹಾಕ್ಕೊ", ಇಷ್ಟರಲ್ಲೇ ಸಂಸಾರ ಸುಸೂತ್ರವಾಗಿ ನಡೆದಿತ್ತು. ಎಲ್ಲರ ಅಪ್ಪ ಅಮ್ಮನೂ ಹೀಗೇ ಎಂದು ನಾನು ತಿಳಿದಿದ್ದೆ.

ಕೊನೆಯ ವರ್ಷ ಎಲ್ಲರೂ ಒಂದೊಂದು ಪ್ರಾಜೆಕ್ಟ್ ಮಾಡಬೇಕಿತ್ತು. ಅಮ್ಮನ ಬಾಟನಿ ಮೇಡಂ ಅವಳಿಗೆ ಒಂದು ವಿಷಯ ಕೊಟ್ಟರು. ಆ ದಿನ ಊಟಕ್ಕೆ ಕೂತಾಗ ಅಮ್ಮ ತುತ್ತು ಬಾಯಿಗಿಡುವ ಮೊದಲೇ ಶುರು ಮಾಡಿದಳು.

"ಒಂದು ಜಾತಿ ಬೂಷ್ಟು ಐತಂತೆ ಕಣ್ರೀ. ಮಣ್ಣಲ್ಲಿರೋ ಕಣ್ಣಿಗೆ ಕಾಣದ ಹುಳಾನ ಕುಣಿಕೆ ಹಾಕಿ ಹಿಡ್ದು ತಿಂತದಂತೆ. ನಮ್ಮ ಕಡೆ ಮಣ್ಣಲ್ಲಿ ಐತಾ ಅಂತ ನಾನು ಹುಡುಕ್ಬೇಕು."

ಅಪ್ಪ ಮುದ್ದೆ ಮುರಿಯುತ್ತಿದ್ದರು. ಮೂಲೆಯಲ್ಲಿ ಕೂತಿದ್ದ ಅಜ್ಜಿ, ಅಂದರೆ ಅಪ್ಪನ ತಾಯಿ, ತಟ್ಟೆಯನ್ನೇ ಪಕ್ಕಕ್ಕಿಟ್ಟಳು.

"ಶಿವಶಿವಾ! ಮಾಂಸ ತಿನ್ನೋ ಬೂಷ್ಟಾ? ಲಿಂಗ ಕಟ್ಟಿದ ಮನೆ ಕಣೇ ಇದು!"

"ಅದಕ್ಕೆ ಬ್ಯಾರೆ ಪಾತ್ರೆ ಇಡ್ತೀನಿ ಬಿಡಿ ಅತ್ತೆ" ಎಂದಳು ಅಮ್ಮ, ತುಂಬ ಗಂಭೀರವಾಗಿ.

ಆಗ ಅಪ್ಪ ತಲೆಯೆತ್ತಿದರು. "ಬೂಷ್ಟು ಬರ್ದಂಗೆ ನೋಡ್ಕಳೋದೇ ನನ್ನ ಕಸುಬು. ನೀನು ಅದನ್ನೇ ತಂದು ಸಾಕ್ತೀನಿ ಅಂತೀಯ. ಅಟ್ಟದ ತುಂಬ ಕಾಯೈತೆ, ಹಬ್ಬಿದ್ರೆ?"

"ಇದು ಕೊಬ್ಬರಿಗೆ ಬರೋದಲ್ಲ ರೀ."

"ಬೂಷ್ಟು ಬೂಷ್ಟೇ. ಒಳಗೆ ಬ್ಯಾಡ."

ಹಾಗಾಗಿ ಅಮ್ಮನ ಪ್ರಯೋಗಶಾಲೆ ಹಿತ್ತಿಲಿನ ಸೌದೆಮನೆಯಲ್ಲಿ ಶುರುವಾಯಿತು. ಅಂಗಡಿಯಿಂದ ಸಿಹಿ ಜೆಲ್ಲಿಗೆ ಬಳಸುವ ಚೀನಾ ಗ್ರಾಸ್ ತಂದು, ನೀರಲ್ಲಿ ಕರಗಿಸಿ, ಕುಕ್ಕರಿನಲ್ಲಿ ಕೂಗಿಸಿ, ಗಾಜಿನ ತಟ್ಟೆಗಳಿಗೆ ತೆಳ್ಳಗೆ ಹೊಯ್ಯುತ್ತಿದ್ದಳು. ಅದು ಹೆಪ್ಪುಗಟ್ಟಿದ ಮೇಲೆ ಮೇಲೊಂದು ಚಿಟಿಕೆ ಮಣ್ಣು. ಆಮೇಲೆ ಹುಳ. ಹಿತ್ತಿಲ ಮಣ್ಣನ್ನು ಬಟ್ಟೆಯಲ್ಲಿ ಕಟ್ಟಿ ನೀರಿಗೆ ಇಳಿಬಿಟ್ಟರೆ ಹುಳಗಳು ತಾವಾಗಿಯೇ ಕೆಳಗಿಳಿದು ಬರುತ್ತಿದ್ದವು. ಬರಿಗಣ್ಣಿಗೆ ಏನೂ ಇಲ್ಲ, ತಿಳಿನೀರು. ಬೂಷ್ಟಿಗೆ ಬೇಟೆ ಬೇಕಲ್ಲ, ಅದನ್ನೇ ತಟ್ಟೆಗೆ ಹನಿಸುತ್ತಿದ್ದಳು. ಅದೇ ಚೀನಾ ಗ್ರಾಸಿಗೆ ಹಾಲು ಸಕ್ಕರೆ ಹಾಕಿ ನಮಗೂ ಒಂದು ತಟ್ಟೆ ಮಾಡಿಟ್ಟಿರುತ್ತಿದ್ದಳು. ಚೆನ್ನಾಗಿಯೇ ಇರುತ್ತಿತ್ತು. ಆದರೂ ತಿನ್ನುವ ಮೊದಲು ನಾನು ಒಂದು ಸಲ ಮೂಸಿ ನೋಡುತ್ತಿದ್ದೆ.

ಊಟಕ್ಕೆ ಕೂತಾಗೆಲ್ಲ ಅವಳ ಬಾಯಲ್ಲಿ ಅದೇ. ಈ ಬೂಷ್ಟು ಸಾಧಾರಣವಾಗಿ ಕೊಳೆತ ಎಲೆಕಡ್ಡಿ ತಿಂದುಕೊಂಡು ಸಾಧುವಿನ ಹಾಗೆ ಇರುತ್ತದಂತೆ. ಅಕ್ಕಪಕ್ಕದಲ್ಲಿ ಹುಳ ಓಡಾಡುವ ಸುಳಿವು ಸಿಕ್ಕಿದರೆ ಮಾತ್ರ ತನ್ನ ಎಳೆಯಲ್ಲಿ ಪುಟ್ಟ ಪುಟ್ಟ ಉಂಗುರ ಕಟ್ಟುತ್ತದಂತೆ. ಹುಳ ಗೊತ್ತಿಲ್ಲದೆ ತಲೆ ತೂರಿಸಿತೋ, ಉಂಗುರ ಥಟ್ಟನೆ ಉಬ್ಬಿ ಬಿಗಿದುಕೊಳ್ಳುತ್ತದಂತೆ. ಆಮೇಲೆ ಎಳೆ ಹುಳದ ಮೈಯೊಳಗೇ ಬೆಳೆಯುತ್ತದಂತೆ. ನಾನು ಹೂಂಗುಟ್ಟುತ್ತಿದ್ದೆ. ಅಪ್ಪ ಅದನ್ನೂ ಮಾಡುತ್ತಿರಲಿಲ್ಲ. ಸಾರು ಹಾಕಿಸಿಕೊಂಡು, ಉಂಡು, ಎದ್ದು ಹೋಗುತ್ತಿದ್ದರು.

ಆದರೆ ಹುಡುಕಿದ್ದು ಸಿಗಬೇಕಲ್ಲ. ಮಾಲೇಕಲ್ಲು ಬೆಟ್ಟದ ಬುಡದಿಂದ ತಂದ ಮಣ್ಣಿನಲ್ಲಿ ಹಸಿರು ಬೂಷ್ಟೊಂದು ಎದ್ದು ತಟ್ಟೆಯನ್ನೆಲ್ಲ ನುಂಗಿತು. ಅದನ್ನು ಕಂಡು ಅಪ್ಪನಿಗೆ ಒಳಗೊಳಗೇ ಖುಷಿಯಾಗಿರಬೇಕು. ಬಸ್ಸಿನಲ್ಲಿ ಹಾರನಹಳ್ಳಿಗೆ ಹೋಗಿ ತಿಪ್ಪೆಯ ಮಣ್ಣು ತಂದಳು. ಕಾಲೇಜಿನ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅದರಲ್ಲಿ ಹುಳಗಳು ಮಕ್ಕಳು ಮರಿ ಮಾಡಿಕೊಂಡು ಸುಖವಾಗಿದ್ದವು, ಹಿಡಿಯುವವರೇ ಇಲ್ಲ. ದಸರಾ ರಜೆ ಹತ್ತಿರ ಬಂತು. ಮೇಡಂ ಕನ್ನಡಿಯ ಬೆಳಕಿನಲ್ಲಿ ನೋಡುವ ಹಳೆಯದೊಂದು ಮೈಕ್ರೋಸ್ಕೋಪನ್ನು ಅಮ್ಮನ ಕೈಗೆ ಕೊಟ್ಟು, ರಜೆ ಮುಗಿಯುವುದರೊಳಗೆ ಸಿಗದಿದ್ದರೆ ಇದನ್ನು ಬಿಟ್ಟು ಎಲೆಚುಕ್ಕೆ ರೋಗದ ಮೇಲೆ ಏನಾದರೂ ಬರೆದುಕೊಡಿ ಎಂದರಂತೆ. ಅಮ್ಮ ಆ ದಿನ ಊಟದಲ್ಲಿ ಏನೂ ಹೇಳಲಿಲ್ಲ. ಅಪ್ಪ ಎರಡು ಸಲ ಅವಳ ಕಡೆ ನೋಡಿದ್ದನ್ನು ನಾನು ಕಂಡೆ.

ಮಾರನೆಯ ದಿನ ಭಾನುವಾರ. ಹಳೇಬೀಡಿನ ಕಡೆ ಹೋಗಬೇಕೆಂದು ಹೊರಟ ಅಮ್ಮನಿಗೆ ಬಸ್ಸು ತಪ್ಪಿತು. ಮನೆಗೆ ವಾಪಸು ಬಂದವಳನ್ನು ನೋಡಿ ಅಪ್ಪ, "ನಾನೂ ಆ ಕಡೇನೇ ಹೋಗ್ಬೇಕು, ಒಬ್ರ ಕೊಬ್ಬರಿ ನೋಡಾಕೆ. ಬತ್ತೀಯೇನು?" ಎಂದರು. ಮೂಟೆ ಸಾಗಿಸುವ ಅವರ ಗೂಡ್ಸ್ ಗಾಡಿಯ ಮುಂದಿನ ಸೀಟಿನಲ್ಲಿ ಅಮ್ಮ ಕೂತಳು. ನನಗೆ ಹಿಂದೆ, ಖಾಲಿ ಗೋಣಿಚೀಲಗಳ ಮೇಲೆ ಜಾಗ ಸಿಕ್ಕಿತು. ಬಿ.ಕಾಂ. ಪದವೀಧರೆಯ ಗತ್ತನ್ನೆಲ್ಲ ಆ ಗೋಣಿಚೀಲಗಳ ಧೂಳು ದಾರಿಯ ಜಾವಗಲ್ ಬರುವ ಮೊದಲೇ ಇಳಿಸಿಬಿಟ್ಟಿತು.

ಹುಲಿಕೆರೆಯ ಹತ್ತಿರ ರಸ್ತೆಯಂಚಿನಲ್ಲಿ ಒಂದು ಹಳೆಯ ಬಾಳೆತೋಟ ಕಂಡಿತು. ಬೇಲಿಯಾಚೆ ಕೊಳೆತ ಬಾಳೆಲೆಗಳ ರಾಶಿ. "ಇಲ್ಲಿ ನಿಲ್ಲಿಸ್ರೀ" ಎಂದ ಅಮ್ಮ ಇಳಿದು, ಯಾರೂ ಕಾಣದ್ದರಿಂದ ಬೇಲಿಯ ಹೊರಗೇ ಕುಕ್ಕರುಗಾಲಲ್ಲಿ ಕೂತು, ಹಳೆಯ ಸೌಟಿನಲ್ಲಿ ಮಣ್ಣು ಕೆರೆಯತೊಡಗಿದಳು. ಆ ಊರಿನಲ್ಲಿ ಹೊಯ್ಸಳರ ಕಾಲದ ಮೆಟ್ಟಿಲ ಕಲ್ಯಾಣಿ ಇದೆ. ಅಂಥ ಊರಿನಲ್ಲಿ ಹೊರಗಿನವರು ಬಂದು ಮಣ್ಣು ಬಗೆದರೆ ಜನ ಏನೆಂದುಕೊಳ್ಳುತ್ತಾರೆಂದು ನಮಗೆ ಹೊಳೆದೇ ಇರಲಿಲ್ಲ.

"ಏನ್ರವ್ವ ಬಗೀತಿದ್ದೀರಿ?"

ತೋಟದೊಳಗಿನಿಂದ ಒಬ್ಬ ಮುದುಕಿ ಕುಡುಗೋಲು ಹಿಡಿದು ಬಂದಿದ್ದಳು. ಅವಳ ದನಿಗೆ ದಾರಿಯಲ್ಲಿ ಹೋಗುತ್ತಿದ್ದವರೂ ನಿಂತರು. "ನಿಧಿ ತೆಗಿಯೋರು ಇರ್ಬೇಕು ಕಣ್ಲಾ" ಎಂದ ಒಬ್ಬ. "ಗಾಡಿ ತಂದವ್ರೆ ನೋಡು, ಗೋಣಿಚೀಲಾನೂ ಐತೆ" ಎಂದ ಇನ್ನೊಬ್ಬ. ಚೀಲದ ಮೇಲೆ ಕೂತಿದ್ದ ನಾನು ಮೆಲ್ಲಗೆ ಎದ್ದು ನಿಂತೆ.

ಅಮ್ಮ ಗಾಬರಿಯಲ್ಲಿ ಪುಸ್ತಕದ ಕನ್ನಡಕ್ಕೆ ಬಿದ್ದಳು. "ಇಲ್ಲ, ಇದು ಶಿಲೀಂಧ್ರದ ಅಧ್ಯಯನ... ಪರಭಕ್ಷಕ ಶಿಲೀಂಧ್ರ..." ಜನರ ಅನುಮಾನ ಇನ್ನಷ್ಟು ಗಟ್ಟಿಯಾಯಿತು.

ಆಗ ಅಪ್ಪ ಗಾಡಿಯಿಂದ ಇಳಿದರು. ಇನ್ನು ಇವರು ಅಮ್ಮನಿಗೇ ನಾಲ್ಕು ಮಾತು ಅಂದು ಎಳೆದುಕೊಂಡು ಹೊರಡುತ್ತಾರೆ ಎಂದುಕೊಂಡೆ. ಅವರು ಮುದುಕಿಯ ಮುಂದೆ ನಿಂತು ಕೈ ಮುಗಿದರು.

"ನಿಧಿ ಅಲ್ಲ ಕಣ್ರವ್ವ, ಬೂಷ್ಟು."

"ಬೂಷ್ಟಾ?"

"ಹೂಂ ಮತ್ತೆ. ಹುಳ ತಿನ್ನೋ ಬೂಷ್ಟು." ಹೆಗಲ ಮೇಲಿನ ಟವೆಲ್ ತೆಗೆದು ಅದರ ತುದಿಯಲ್ಲೊಂದು ಕುಣಿಕೆ ಮಾಡಿದರು. ಬಲಗೈಯ ತೋರುಬೆರಳು ಹುಳವಾಯಿತು. "ಇದು ಬೂಷ್ಟಿನ ಎಳೆ ಅನ್ಕಳಿ. ಸುಮ್ಕೆ ಎಲೆ ತಿಂದ್ಕಂಡು ಬಿದ್ದಿರ್ತದೆ. ಹುಳ ಬಂತು ಅಂತ ಗೊತ್ತಾದ್ರೆ ಹಿಂಗೆ ಉಂಗುರ ಮಾಡ್ಕಂತದೆ. ಹುಳಕ್ಕೆ ಏನ್ ಗೊತ್ತು ಪಾಪ, ಹಿಂಗೆ ತಲೆ ತೂರಿಸ್ತದೆ..." ಟವೆಲ್ ಬಿಗಿಯಿತು. ಜನ ಒಂದು ಹೆಜ್ಜೆ ಮುಂದೆ ಬಂದರು. ಉಂಗುರ ಹೇಗೆ ಉಬ್ಬುತ್ತದೆ, ಎಳೆ ಹುಳದೊಳಗೆ ಹೇಗೆ ಇಳಿಯುತ್ತದೆ, ಒಂದನ್ನೂ ಬಿಡಲಿಲ್ಲ ಅಪ್ಪ. ಅಮ್ಮ ಸೌಟು ಹಿಡಿದವಳು ಹಿಡಿದ ಹಾಗೆಯೇ ಕೂತು ಗಂಡನ ಮುಖ ನೋಡುತ್ತಿದ್ದಳು.

"ನಮ್ಮ ಬಾಳೆ ಬೇರಲ್ಲಿ ಗಂಟು ಕಟ್ಕಂಡು ಗಿಡ ಸೊರಗ್ತವೆ. ಹುಳ ಅಂತಾರೆ. ಅದನ್ನೂ ತಿಂತದಾ ಇದು?" ಮುದುಕಿ ಕೇಳಿದಳು.

ಅಪ್ಪ ಅಮ್ಮನ ಕಡೆ ನೋಡಿದರು. "ಅದೂ ಇದೇ ಕುಲದ ಹುಳಾನೇ ಅಜ್ಜಿ" ಎಂದಳು ಅಮ್ಮ, ಈಗ ಮನೆಯ ಕನ್ನಡದಲ್ಲಿ.

"ಹಂಗಾದ್ರೆ ಬೇಲಿ ಆಚೆ ಯಾಕೆ ಕೂತಿದ್ದೀಯ ತಾಯಿ? ಒಳೀಕ್ ಬಾ. ಹಳೇ ಗೊಬ್ಬರದ ಗುಂಡಿ ಐತೆ, ಬೇಕಾದಷ್ಟು ಬಗ್ಕೊ. ನಿಧಿ ಸಿಕ್ರೆ ಮಾತ್ರ ನಂಗೂ ಒಸಿ ಕೊಡು" ಎಂದು ಮುದುಕಿ ಬೊಚ್ಚುಬಾಯಿ ತೆರೆದು ನಕ್ಕಳು. ಹೊರಡುವಾಗ ಒಂದು ಚಿಪ್ಪು ಬಾಳೆಹಣ್ಣನ್ನೂ ಗಾಡಿಯಲ್ಲಿ ಇಟ್ಟಳು.

ವಾಪಸು ಬರುವಾಗ ಮುಂದಿನ ಸೀಟಿನ ಮಾತು ಹಿಂದಿನ ಕಿಂಡಿಯಲ್ಲಿ ನನಗೆ ಕೇಳುತ್ತಿತ್ತು.

"ಇದೆಲ್ಲ ನಿಮಗೆ ಹೆಂಗೆ ಗೊತ್ತು?"

"ದಿನಾ ಊಟಕ್ಕೆ ಕೂತಾಗ ಹೇಳ್ತಿದ್ಯಲ್ಲ."

"ನೀವು ಕೇಳಿಸ್ಕಂತಿದ್ರಾ?"

"ಯಾಕೆ, ನಂಗೆ ಕಿವಿ ಇಲ್ವಾ?"

ನಂತರ ಅಮ್ಮ ಬಾಳೆಹಣ್ಣು ಸುಲಿದು ಅಪ್ಪನ ಕೈಗಿಟ್ಟಳು. ನೋಡಬೇಕಾಗಿದ್ದ ಕೊಬ್ಬರಿಯನ್ನು ಅಪ್ಪ ನೋಡಿಯೇ ಇಲ್ಲವೆಂದು ನನಗೆ ನೆನಪಾದದ್ದು ಅರಸೀಕೆರೆ ತಲುಪಿದ ಮೇಲೆ. ಆ ಕಡೆ ನೋಡಬೇಕಾದ ಕೊಬ್ಬರಿ ನಿಜವಾಗಿ ಇತ್ತೋ ಇಲ್ಲವೋ ಎಂಬ ಅನುಮಾನ ಬಂದದ್ದು ಇನ್ನೂ ತಡವಾಗಿ.

ಹುಲಿಕೆರೆಯ ಮಣ್ಣಿನ ತಟ್ಟೆಗಳು ಸೌದೆಮನೆಗೆ ಹೋಗಲಿಲ್ಲ. ಪಡಸಾಲೆಯ ಕಿಟಕಿಯ ಪಕ್ಕದ ಮೇಜನ್ನು ಅಪ್ಪನೇ ಖಾಲಿ ಮಾಡಿಕೊಟ್ಟರು. ಮಂಡಿಗೆ ಹೊರಡುವ ಮುನ್ನ ಒಂದು ಕಣ್ಣು ಮುಚ್ಚಿ ಮೈಕ್ರೋಸ್ಕೋಪಿಗೆ ಬಗ್ಗುವುದು, ಮಧ್ಯಾಹ್ನ ಊಟಕ್ಕೆ ಬಂದವರೇ ಚಪ್ಪಲಿ ಬಿಡುತ್ತ "ಬಂತಾ?" ಎನ್ನುವುದು ರೂಢಿಯಾಯಿತು. ರಜೆ ಮುಗಿಯುತ್ತ ಬಂದಾಗ ಎಳೆಗಳಲ್ಲಿ ಉಂಗುರಗಳು ಕಂಡವು. ಅಮ್ಮ ಕುಣಿದಾಡುವುದೊಂದು ಬಾಕಿ. ಆದರೆ ಉಂಗುರಗಳ ಪಕ್ಕದಲ್ಲೇ ಹುಳಗಳು ಓಡಾಡುತ್ತಿದ್ದರೂ ಒಂದೂ ಸಿಕ್ಕಿಬೀಳಲೊಲ್ಲದು.

ಒಂದು ಬೆಳಿಗ್ಗೆ ಅಮ್ಮ ಅಡುಗೆಮನೆಯಲ್ಲಿ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ನಾನು ಮೊದಲ ರೊಟ್ಟಿಗೆ ಕಾದು ಕೂತಿದ್ದೆ. ಪಡಸಾಲೆಯಿಂದ ಅಪ್ಪನ ಕೂಗು ಬಂತು.

"ಹಿಡ್ಕಂತು! ಏ, ಹಿಡ್ಕಂತು ಕಣೇ!"

ಅಜ್ಜಿ ಕಳ್ಳನೇ ಸಿಕ್ಕಿದನೆಂದು ದೇವರಮನೆಯಿಂದ ಎದ್ದು ಬಂದಳು. ಅಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಗ್ಗಿ ನೋಡಿದಳು, ಹಿಂದೆಯೇ ನಾನೂ ಹೋದೆ. ಹುಳ ಕುತ್ತಿಗೆಯ ಹತ್ತಿರ ಸಿಕ್ಕಿ ಒದ್ದಾಡುತ್ತಿತ್ತು, ನೋಡನೋಡುತ್ತ ಸುಮ್ಮನಾಯಿತು. ಆದರೆ ಉಂಗುರ ಬಿಗಿದ ಆ ಗಳಿಗೆ ಅವಳಿಗೆ ತಪ್ಪಿಹೋಗಿತ್ತು. ಅವಳು ಬೇಸರ ಪಡುತ್ತಾಳೇನೋ ಎಂದು ನಾನು ನೋಡಿದರೆ, ಮುಖ ಅರಳಿ ಹೋಗಿದೆ.

"ಹೆಂಗೆ ಹಿಡೀತು? ನಿಧಾನಕ್ಕಾ? ಒಂದೇ ಸಲವಾ? ಹೇಳ್ರೀ!"

ಹುಲಿಕೆರೆಯಲ್ಲಿ ಟವೆಲ್ ತೆಗೆದಿದ್ದ ಅಪ್ಪ ಈಗ ಅದನ್ನು ಹೆಗಲ ಮೇಲೇ ಬಿಟ್ಟರು. ಅಮ್ಮನ ಹಿಟ್ಟು ಮೆತ್ತಿದ ಕೈಯನ್ನು ಎತ್ತಿಕೊಂಡು, ಬಳೆಗಳನ್ನು ಮೇಲೆ ಸರಿಸಿ, ಮಣಿಕಟ್ಟಿನ ಸುತ್ತ ತಮ್ಮ ಹೆಬ್ಬೆರಳು ತೋರುಬೆರಳುಗಳನ್ನು ಉಂಗುರ ಮಾಡಿ ಹಿಡಿದರು. ಮೊದಲು ಸಡಿಲವಾಗಿ. ಆಮೇಲೆ ಥಟ್ಟನೆ ಬಿಗಿಯಾಗಿ.

"ಹಿಂಗೆ" ಎಂದರು. "ಹಿಂಗೆ ಹಿಡ್ಕಂತು."

ಅಪ್ಪ ಅಮ್ಮನ ಕೈ ಹಿಡಿದದ್ದನ್ನು ನಾನು ಅದೇ ಮೊದಲು ನೋಡಿದ್ದು. ಅಮ್ಮ ಕೈ ಬಿಡಿಸಿಕೊಳ್ಳಲಿಲ್ಲ. "ಇನ್ನೊಂದ್ಸಲ ತೋರ್ಸಿ" ಎಂದಳು. ಒಳಗೆ ಕಾವಲಿಯ ಮೇಲೆ ರೊಟ್ಟಿ ಸೀಯುತ್ತಿತ್ತು. ಅದನ್ನು ಮಗುಚಲು ಓಡಿದವಳು ನಾನೇ. ನನ್ನ ಜೀವನದಲ್ಲಿ ನಾನು ಸಮಯಕ್ಕೆ ಸರಿಯಾಗಿ ಮಾಡಿದ ಕೆಲವೇ ಕೆಲಸಗಳಲ್ಲಿ ಅದೂ ಒಂದು.

ಅಜ್ಜಿಯೂ ಕೊನೆಗೆ ಬಗ್ಗಿ ನೋಡಿದಳು. ತುಂಬ ಹೊತ್ತು ನೋಡಿ, "ತಿನ್ಲಿ ಬಿಡ್ರೇ. ಅದಕ್ಕೂ ಶಿವ ಹೊಟ್ಟೆ ಕೊಟ್ಟವ್ನೆ" ಎಂದು ತೀರ್ಪು ಕೊಟ್ಟು ದೇವರಮನೆಗೆ ವಾಪಸು ಹೋದಳು.

ಪರೀಕ್ಷೆಯ ದಿನ ಹೊರಗಿನಿಂದ ಬಂದಿದ್ದ ಪರೀಕ್ಷಕರು, "ಉಂಗುರ ಬಿಗಿಯೋದನ್ನ ನೀವೇ ಕಣ್ಣಾರೆ ನೋಡಿದ್ರಾ?" ಎಂದು ಕೇಳಿದರಂತೆ. "ಇಲ್ಲ ಸರ್, ನಮ್ಮ ಯಜಮಾನ್ರು ನೋಡಿದ್ರು. ಹೊರಗೆ ಕೂತವ್ರೆ, ಕರೀಲಾ?" ಎಂದಳಂತೆ ಅಮ್ಮ. ಕರೆದೇಬಿಟ್ಟರು. ಅಪ್ಪ ಒಳಗೆ ಹೋಗಿ ಟವೆಲ್ ಬಿಚ್ಚಿದ್ದನ್ನು ಆ ಮೇಡಂ ಈಗಲೂ ಸಿಕ್ಕಿದಾಗೆಲ್ಲ ನೆನೆಸಿಕೊಂಡು ನಗುತ್ತಾರೆ. ಅಮ್ಮ ಒಳ್ಳೆಯ ಅಂಕ ಪಡೆದು ಪಾಸಾದಳು.

ಕಾಲೇಜು ಮುಗಿಯಿತು, ಮಣ್ಣು ಮುಗಿಯಲಿಲ್ಲ. ಅಪ್ಪ ಅಮ್ಮ ಇವತ್ತಿಗೂ ಭಾನುವಾರ ಬಂದರೆ ಗಾಡಿ ಹತ್ತುತ್ತಾರೆ. ಯಾವ ಪರೀಕ್ಷೆಗೂ ಅಲ್ಲ, ಯಾರು ಹೇಳಿಯೂ ಅಲ್ಲ. ಒಮ್ಮೊಮ್ಮೆ ಬೂಷ್ಟು ಸಿಗುತ್ತದೆ, ಹೆಚ್ಚಿನ ಸಲ ಹಾದಿಬದಿಯ ಹೋಟೆಲಿನ ಇಡ್ಲಿ ಸಿಗುತ್ತದೆ.

ಇವತ್ತೂ ಭಾನುವಾರವೇ. ಮೊಣಕಾಲು ನೋವಿದ್ದರೂ ಅಪ್ಪ ಗಾಡಿ ತೆಗೆದಿದ್ದಾರೆಂದು ಬೇರೆ ಊರಿನಲ್ಲಿರುವ ನನಗೆ ಗೊತ್ತಾಗಿ, ಈ ಬಿಸಿಲಲ್ಲಿ ಇಬ್ಬರೂ ಹೀಗೆ ಸುತ್ತುವುದು ಬೇಡವೆಂದು ಗದರಲು ಈಗಷ್ಟೇ ಫೋನ್ ಮಾಡಿದೆ. ಹೇಳಬೇಕಾದ ಮಾತನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಅಪ್ಪ ಎತ್ತಿದರು.

"ಎಲ್ಲಿದ್ದೀರಪ್ಪ?"

"ಬೇಲೂರು ದಾಟಿ ಒಂದು ತ್ವಾಟ. ನಿಮ್ಮಮ್ಮ ಕೆರೀತಾವ್ಳೆ, ನಾನು ಕವರ್ ಹಿಡ್ಕಂಡಿದೀನಿ." ಹಿಂದೆ ಅಮ್ಮ ಯಾವುದಕ್ಕೋ ಜೋರಾಗಿ ನಗುತ್ತಿದ್ದಳು. "ಫೋನು ಹಿಡ್ಕಂಡ್ರೆ ಕವರ್ ಜಾರ್ತದೆ ಕಣಮ್ಮ. ಆಮೇಲೆ ಮಾತಾಡ್ತೀನಿ, ಇಡು."

ಇಟ್ಟೆ. ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಈಗ ನೆನಪಿಗೆ ಬರುತ್ತಿಲ್ಲ.